ಕೋವಿಯ ಬೋಲ್ಟ್ ಎಷ್ಟು ಕಾಲ ಬಾಳುತ್ತದೆ?



ನಮ್ಮ ಸಂಘದ ಈ ಪತ್ರಿಕೆಯಲ್ಲಿ ಅಡಿಕೆಯ ಕೊಳೆರೋಗ, ಕಾಫಿಯ ಕಾಯಿಕೊರಕ, ಗೊಬ್ಬರದ ದರ, ಕೂಲಿಯ ಸಮಸ್ಯೆ ಇವುಗಳ ಬಗ್ಗೆ ಲೇಖನಗಳು ಬರುವುದು ವಾಡಿಕೆ. ಈ ಸಲ ನಾನು ಬರೆಯಲು ಹೊರಟಿರುವುದು ಮನೆಯ ಬೀರುವಿನ ಮೂಲೆಯಲ್ಲಿ ಬಟ್ಟೆ ಸುತ್ತಿಸಿಕೊಂಡು ನಿಂತಿರುವ ರೈಫಲಿನ ಬಗ್ಗೆ, ಅದರಲ್ಲೂ ಅದರ ಬೋಲ್ಟಿನ ಬಗ್ಗೆ. ಇದು ಸಹಕಾರ ಸಂಘದ ಪತ್ರಿಕೆಗೆ ತಕ್ಕ ವಿಷಯವೇ ಎಂದು ಕೆಲವರು ಕೇಳಬಹುದು. ಸ್ಪ್ರೇ ಪಂಪು, ಪಲ್ಪರು, ಮರ ಕೊಯ್ಯುವ ಗರಗಸ ಇವುಗಳಂತೆಯೇ ಕೋವಿಯೂ ನಮ್ಮಲ್ಲಿ ಅನೇಕರ ತೋಟದ ಸಾಮಾನು. ಪಂಪು ಕೆಟ್ಟರೆ ಒಂದು ದಿನದ ಕೆಲಸ ಹೋಗುತ್ತದೆ. ಕೋವಿ ಕೆಟ್ಟರೆ ಕಣ್ಣು ಹೋಗುತ್ತದೆ. ಆದ್ದರಿಂದ ಎರಡು ಮಾತು ಬರೆಯುವುದು ತಪ್ಪಾಗಲಾರದು.

ಸಂಘದ ಕಚೇರಿಯ ಜಗಲಿಯಲ್ಲಿ ಕುಳಿತಾಗ ಈ ಪ್ರಶ್ನೆ ಬಹಳ ಸಲ ಬಂದಿದೆ. "ಅಜ್ಜನ ಕಾಲದ್ದು, ಇನ್ನೂ ಎಷ್ಟು ವರ್ಷ ಬರಬಹುದು?" ಒಬ್ಬರು ಐವತ್ತು ವರ್ಷ ಎನ್ನುತ್ತಾರೆ, ಇನ್ನೊಬ್ಬರು ಅದಕ್ಕೆ ಸಾವೇ ಇಲ್ಲ ಎನ್ನುತ್ತಾರೆ. ನನ್ನ ಅಭಿಪ್ರಾಯದಲ್ಲಿ ಪ್ರಶ್ನೆಯೇ ಸರಿಯಿಲ್ಲ. ಬೋಲ್ಟಿನ ಆಯುಸ್ಸನ್ನು ವರ್ಷದಲ್ಲಿ ಅಳೆಯಲು ಬರುವುದಿಲ್ಲ. ನಮ್ಮಂಥವರ ಮನೆಯಲ್ಲಿ ಹೊಡೆದ ಈಡಿನ ಲೆಕ್ಕದಲ್ಲಿಯೂ ಅಳೆಯಲು ಬರುವುದಿಲ್ಲ. ನಮ್ಮ ಬೋಲ್ಟುಗಳು ಕೆಡುವುದು ಬಳಕೆಯಿಂದಲ್ಲ, ನಮ್ಮ ಅಲಕ್ಷ್ಯದಿಂದ. ಇದನ್ನು ಹೇಳುವುದೇ ಈ ಲೇಖನದ ಉದ್ದೇಶ.

ಬೋಲ್ಟ್ ಮಾಡುವ ಕೆಲಸ

ಬೋಲ್ಟ್ ಎಂದರೆ ಬಾಗಿಲಿನ ಅಗುಳಿ ಇದ್ದ ಹಾಗೆ. ತೋಟೆಯನ್ನು ನಳಿಗೆಯೊಳಗೆ ತಳ್ಳಿ, ಹಿಡಿಯನ್ನು ಕೆಳಗೆ ತಿರುಗಿಸಿದಾಗ ಬೋಲ್ಟಿನ ಮೈಮೇಲಿರುವ ಲಗ್ ಎನ್ನುವ ಗಟ್ಟಿ ಉಬ್ಬುಗಳು ರೈಫಲಿನ ಚೌಕಟ್ಟಿನ ಕಚ್ಚುಗಳೊಳಗೆ ಸೇರಿ ಬಾಗಿಲನ್ನು ಭದ್ರಪಡಿಸುತ್ತವೆ. ಜೀಪಿನ ಟಯರಿನಲ್ಲಿ ಚದರ ಅಂಗುಲಕ್ಕೆ ಸುಮಾರು 30 ಪೌಂಡು ಗಾಳಿ ಇರುತ್ತದೆ. .303 ತೋಟೆ ಹಾರುವ ಕ್ಷಣದಲ್ಲಿ ಅದೇ ಚದರ ಅಂಗುಲಕ್ಕೆ 40,000 ಪೌಂಡಿಗೂ ಮೀರಿದ ಒತ್ತಡ ಹುಟ್ಟುತ್ತದೆ. ಗುಂಡು ಮುಂದಕ್ಕೆ ಹೋಗುತ್ತದೆ. ಹಿಂದಕ್ಕೆ ಬರುವ ಆ ಬಲವನ್ನು ತಡೆದು ನಿಲ್ಲುವುದು ಬೆರಳಿನ ಗಾತ್ರದ ಈ ಲಗ್ಗುಗಳು. ಅದರ ಹಿಂದೆ ಇರುವುದು ನಮ್ಮ ಮುಖ.

ನಮ್ಮ ಕಡೆ ಹೆಚ್ಚಾಗಿ ಕಾಣುವ ರೈಫಲು .315. ಇದು ಲೀ ಎನ್‌ಫೀಲ್ಡ್ ಮಾದರಿಯ ಬೋಲ್ಟ್ ಇರುವ, ನಮ್ಮ ದೇಶದ ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆಯಲ್ಲಿ ತಯಾರಾದ ರೈಫಲು. ಸೈನ್ಯದ .303 ಜನಸಾಮಾನ್ಯರಿಗೆ ನಿಷಿದ್ಧವಾದ ಕಾರಣ, ಹಳೆಯ ಮ್ಯಾನ್‌ಲಿಕರ್ ತೋಟೆಗೆ ಹೊಂದುವಂತೆ ಇದನ್ನು ಮಾಡಿದರು. ಈ ಮಾದರಿಯ ಮೂಲ ಜೇಮ್ಸ್ ಪ್ಯಾರಿಸ್ ಲೀ ಎಂಬುವರ ಬೋಲ್ಟ್. ಬ್ರಿಟಿಷ್ ಸೈನ್ಯ ಅದನ್ನು 1888ರಲ್ಲಿ ಒಪ್ಪಿಕೊಂಡಿತು. ಜರ್ಮನಿಯ 1898ರ ಮೌಸರ್ ಬೋಲ್ಟಿನಲ್ಲಿ ಮುಖ್ಯ ಲಗ್ಗುಗಳು ಮುಂದಿನ ತುದಿಯಲ್ಲಿವೆ. ಲೀ ಬೋಲ್ಟಿನಲ್ಲಿ ಅವು ಹಿಂಬದಿಯಲ್ಲಿವೆ. ಇದರ ತಲೆಯ ಭಾಗ ಬೇರೆಯಾಗಿದ್ದು, ಮೈಗೆ ತಿರುಪಿನಿಂದ ಕೂರುತ್ತದೆ. ಈ ಎರಡು ಸಂಗತಿಗಳನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಎಷ್ಟು ಬಾಳಿಕೆ?

ಈ ಬೋಲ್ಟ್ ಎಷ್ಟು ಬಾಳಬಲ್ಲದು ಎಂಬುದಕ್ಕೆ ದೃಷ್ಟಾಂತ ಬೇಕಾದರೆ ಕೆನಡಾ ದೇಶವನ್ನು ನೋಡಬಹುದು. ಅಲ್ಲಿನ ಉತ್ತರ ಧ್ರುವದ ಕಡೆಯ ಹಿಮಪ್ರದೇಶವನ್ನು ಕಾಯುವ ರೇಂಜರ್ಸ್ ಪಡೆಗೆ 1947ರ ಹೊತ್ತಿಗೆ ಲೀ ಎನ್‌ಫೀಲ್ಡ್ ರೈಫಲು ಕೊಟ್ಟರು. ಸುಮಾರು 70 ವರ್ಷ ಕಳೆದ ಮೇಲಷ್ಟೇ ಅವುಗಳ ಜಾಗಕ್ಕೆ ಹೊಸವು ಬಂದವು. ಅದಕ್ಕೆ ಮುಖ್ಯ ಕಾರಣ ಬೋಲ್ಟ್ ಮುರಿದದ್ದಲ್ಲ, ಬಿಡಿಭಾಗಗಳು ಸಿಗದೆ ಹೋದದ್ದು. ನಮ್ಮ ದೇಶದಲ್ಲಿಯೇ ಉತ್ತರ ಪ್ರದೇಶದ ಪೊಲೀಸರು .303 ರೈಫಲಿಗೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದಂದು.

ಇನ್ನೊಂದು ತುದಿಯಲ್ಲಿ ಅಮೆರಿಕದ ಸೈನ್ಯದ ಎಂ-16 ಮತ್ತು ಅದರ ಗಿಡ್ಡ ತಮ್ಮ ಎಂ-4 ಇವೆ. ಇವು ತಾವೇ ತೋಟೆ ತುಂಬಿಕೊಂಡು ಹಾರಿಸುವಂಥವು. ಇವುಗಳ ಬೋಲ್ಟಿನ ತಲೆಯ ಸುತ್ತ ಏಳು ಸಣ್ಣ ಲಗ್ಗುಗಳಿವೆ. ಎಂಟನೆಯದರ ಜಾಗವನ್ನು ಖಾಲಿ ತೋಟೆ ಎಳೆಯುವ ಕೊಕ್ಕೆ ತೆಗೆದುಕೊಂಡಿದೆ. ಕೆಲವು ಸಾವಿರ ಈಡು ಆದ ಮೇಲೆ ಆ ಕೊಕ್ಕೆಯ ಪಕ್ಕದ ಲಗ್ಗಿನ ಬುಡದಲ್ಲಿ ಬಿರುಕು ಹುಟ್ಟುವುದುಂಟು. ಇಲ್ಲವೇ ಬೋಲ್ಟಿನ ಮೈಯಲ್ಲಿ ಪಿನ್ನಿಗಾಗಿ ಕೊರೆದ ತೂತಿನ ಹತ್ತಿರ ಬೋಲ್ಟೇ ಎರಡಾಗುವುದುಂಟು. ಎಂ-4ರ ನಳಿಗೆ ಗಿಡ್ಡವಾದ್ದರಿಂದ ಹೊಗೆಯ ಒತ್ತಡ ಬೇಗ ಹಿಂದಿರುಗಿ, ನಳಿಗೆಯಲ್ಲಿ ಇನ್ನೂ ಒತ್ತಡ ಇರುವಾಗಲೇ ಬೋಲ್ಟನ್ನು ತಿರುಗಿಸಲು ಹವಣಿಸುತ್ತದೆ. ಹೀಗಾಗಿ ಅದರ ಬೋಲ್ಟಿಗೆ ಪೆಟ್ಟು ಹೆಚ್ಚು. ಅಲ್ಲಿ ಬೋಲ್ಟ್ ಎನ್ನುವುದು ಪಂಪಿನ ವಾಷರಿನಂತೆ ಸವೆಯುವ ಬಿಡಿಭಾಗ. ಪರೀಕ್ಷಿಸಿ ಬದಲಾಯಿಸುತ್ತಿರಬೇಕು.

ಈಗ ನಮ್ಮ ಲೆಕ್ಕ ನೋಡೋಣ. ಹಂದಿ ಓಡಿಸಲು ಗಾಳಿಯಲ್ಲಿ ಒಂದೆರಡು, ಹಬ್ಬದ ದಿನ ತೆಂಗಿನಕಾಯಿಗೆ ಗುರಿ ಇಡುವಾಗ ನಾಲ್ಕಾರು. ಹೀಗೆ ವರ್ಷಕ್ಕೆ 20 ಈಡು ಎಂದು ಧಾರಾಳವಾಗಿ ಹಿಡಿದರೂ 50 ವರ್ಷಕ್ಕೆ 1,000 ಈಡು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಈ ವಿನಾಯಿತಿಯನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ನಮ್ಮ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಮಿಕ್ಕ ಜಿಲ್ಲೆಗಳ ಬೆಳೆಗಾರರು ಬೆಳೆರಕ್ಷಣೆಯ ಲೈಸನ್ಸಿನ ಮೇಲೆ ಇಟ್ಟುಕೊಂಡಿದ್ದಾರೆ. ಯಾರಾದರೂ ಸರಿ, ನಾವು ಹೊಡೆಯುವ ಈಡಿನಿಂದ ಒಳ್ಳೆಯ ಬೋಲ್ಟ್ ಸವೆಯಬೇಕಾದರೆ ಮೂರು ತಲೆಮಾರು ಸಾಲದು. ಹಾಗಿದ್ದೂ ನಮ್ಮ ಮನೆಗಳಲ್ಲಿ ಬೋಲ್ಟುಗಳು ಕೆಡುತ್ತಿವೆ. ಏಕೆ?

ನನ್ನ ಮನೆಯಲ್ಲಿಯೇ ಆದದ್ದು

ಕೆಲವು ವರ್ಷಗಳ ಹಿಂದೆ ಚುನಾವಣೆಗೆ ಮುಂಚೆ ಕೋವಿಗಳನ್ನು ಠೇವಣಿ ಇಡಬೇಕಾಗಿ ಬಂತು. ನನ್ನ ತಂದೆಯ .315 ಮತ್ತು ದೊಡ್ಡಪ್ಪನ ಮಗ ಅಣ್ಣನ .315 ಎರಡನ್ನೂ ಒಂದೇ ಜೀಪಿನಲ್ಲಿ ಒಯ್ದೆವು. ದಾರಿಯಲ್ಲಿ ಅಪಾಯ ಬೇಡವೆಂದು ನಾವೇ ಬೋಲ್ಟುಗಳನ್ನು ತೆಗೆದು ಒಂದೇ ಚೀಲದಲ್ಲಿ ಹಾಕಿದ್ದೆವು. ತಿಂಗಳ ಮೇಲೆ ಹಿಂದಕ್ಕೆ ತಂದಾಗ ಕೈಗೆ ಸಿಕ್ಕ ಬೋಲ್ಟನ್ನು ಸಿಕ್ಕ ರೈಫಲಿಗೆ ಹಾಕಿದೆವು. ಎರಡೂ ನೋಡಲು ಒಂದೇ ಥರ. ಸಲೀಸಾಗಿ ಮುಚ್ಚಿಕೊಂಡವು. ಯಾರಿಗೂ ಸಂಶಯ ಬರಲಿಲ್ಲ.

ಆ ವರ್ಷ ಕೈಲ್ ಪೊಳ್ದ್ ದಿನ ಪೂಜೆ ಮುಗಿಸಿ, ಕೋವಿಗೆ ತೋಕ್ ಪೂ ಸಿಕ್ಕಿಸಿ, ತೆಂಗಿನಕಾಯಿಗೆ ಗುರಿ ಇಡಲು ಹೋದೆವು. ನನ್ನ ಎರಡನೆಯ ಈಡಿಗೆ ಬೇರೆ ಥರದ ಶಬ್ದ ಬಂತು. ಕೆನ್ನೆಗೆ ಮತ್ತು ಹುಬ್ಬಿಗೆ ಬಿಸಿ ಎಣ್ಣೆ ಸಿಡಿದಂತಾಯಿತು. ಕನ್ನಡಕದ ಗಾಜಿನ ಮೇಲೆಲ್ಲ ಕರಿ. ಬೋಲ್ಟ್ ತೆಗೆದರೆ ತೋಟೆಯ ಬುಡ ಮಾತ್ರ ಈಚೆ ಬಂತು, ಮಿಕ್ಕ ಹಿತ್ತಾಳೆ ಒಳಗೇ ನಿಂತಿತ್ತು. ಕನ್ನಡಕ ಇಲ್ಲದಿದ್ದರೆ ಈ ಲೇಖನವನ್ನು ಬೇರೆಯವರ ಕೈಯಲ್ಲಿ ಬರೆಸಬೇಕಾಗುತ್ತಿತ್ತು. ನನ್ನ ಪಕ್ಕದಲ್ಲಿ ಕನ್ನಡಕವಿಲ್ಲದ ಹುಡುಗರು ಸರದಿಗಾಗಿ ನಿಂತಿದ್ದರು ಎಂಬುದನ್ನು ನೆನೆದರೆ ಈಗಲೂ ನನಗೆ ರಾತ್ರಿ ನಿದ್ದೆ ಬರುವುದಿಲ್ಲ.

ಪೇಟೆಯಲ್ಲಿ ದುರಸ್ತಿ ಲೈಸನ್ಸ್ ಇರುವ ಮುದುಕರೊಬ್ಬರಿಗೆ ತೋರಿಸಿದೆ. ಅವರು ಬೋಲ್ಟಿನ ಹಿಡಿಯ ಬುಡವನ್ನು ಬಟ್ಟೆಯಿಂದ ಒರೆಸಿ, ಅಲ್ಲಿದ್ದ ಸಂಖ್ಯೆಯನ್ನೂ ರೈಫಲಿನ ಮೈಮೇಲಿನ ಸಂಖ್ಯೆಯನ್ನೂ ಓದಿ ಹೇಳಿದರು. "ಸಾವ್ಕಾರ್ರೇ, ಈ ಬೋಲ್ಟ್ ಈ ಕೋವಿದಲ್ಲ. ಬೇರೆಯವರ ಹೆಂಡತಿಯನ್ನು ಮನೆಗೆ ಕರಕೊಂಡು ಬಂದಿದ್ದೀರಿ." ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ತಪ್ಪು ಕಾರ್ಖಾನೆಯದಲ್ಲ, ಠೇವಣಿ ಇಟ್ಟುಕೊಂಡವರದೂ ಅಲ್ಲ. ಪೂರಾ ನಮ್ಮದು. ಬೋಲ್ಟಿನ ಮುಖಕ್ಕೂ ತೋಟೆ ಕೂರುವ ಜಾಗಕ್ಕೂ ನಡುವೆ ಇರಬೇಕಾದ ಅಂತರಕ್ಕೆ ಹೆಡ್‌ಸ್ಪೇಸ್ ಎನ್ನುತ್ತಾರೆ. .303 ರೈಫಲಿಗೆ ಸೈನ್ಯದವರು ಇಟ್ಟಿದ್ದ ಅಳತೆ ಒಂದು ಅಂಗುಲದ ಸಾವಿರದಲ್ಲಿ 64 ಭಾಗಕ್ಕಿಂತ ಕಡಿಮೆಯಾಗಬಾರದು, 74 ಭಾಗ ಮೀರಬಾರದು ಎಂದು. ನಡುವಣ ಈ ಹತ್ತು ಭಾಗ ಎಂದರೆ ಎರಡು ಮೂರು ಹಾಳೆ ಕಾಗದದಷ್ಟು ದಪ್ಪ. ಇದಕ್ಕಾಗಿಯೇ ಕಾರ್ಖಾನೆಯಲ್ಲಿ ಪ್ರತಿ ರೈಫಲಿಗೂ ಅದರದೇ ಬೋಲ್ಟನ್ನು ಹೊಂದಿಸಿ, ಎರಡೂ ಲಗ್ಗುಗಳು ಸಮನಾಗಿ ಕಚ್ಚುವಂತೆ ಉಜ್ಜಿ, ಅದೇ ಸಂಖ್ಯೆ ಒತ್ತಿ ಕಳಿಸುತ್ತಾರೆ. ಬೋಲ್ಟ್ ಬದಲಾದರೆ ಅಂತರ ಹೆಚ್ಚಬಹುದು, ಇಲ್ಲವೇ ಇಡೀ ಭಾರ ಒಂದೇ ಲಗ್ಗಿನ ಮೇಲೆ ಬೀಳಬಹುದು. ಬೋಲ್ಟ್ ಮುಚ್ಚಿಕೊಂಡಿತು ಎಂದ ಮಾತ್ರಕ್ಕೆ ಹೊಂದಿಕೊಂಡಿತು ಎಂದಲ್ಲ.

ಬೋಲ್ಟಿನ ಶತ್ರುಗಳು

ಮೊದಲನೆಯದು ತುಕ್ಕು. ನಮ್ಮ ಮಳೆಗಾಲದಲ್ಲಿ ಉಪ್ಪಿನ ಮರಿಗೆ ನೀರಾಗುತ್ತದೆ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಚರ್ಮದ ಚೀಲದಲ್ಲೋ ಕಂಬಳಿ ಬಟ್ಟೆಯಲ್ಲೋ ಸುತ್ತಿಟ್ಟ ರೈಫಲು ಆ ತೇವವನ್ನೆಲ್ಲ ತಾನೇ ಕುಡಿಯುತ್ತದೆ. ಸುತ್ತಿಟ್ಟರೆ ಕಾಪಾಡಿದಂತಲ್ಲ, ಗಾಳಿಯಾಡುವ ಒಣ ಬೀರುವಿನಲ್ಲಿ ಬೀಗ ಹಾಕಿ ಬರಿಮೈಯಲ್ಲಿ ನಿಲ್ಲಿಸುವುದೇ ಮೇಲು. ತುಕ್ಕು ಮೇಲ್ಮೈಯನ್ನು ಕೆಂಪಗೆ ಮಾಡಿ ಸುಮ್ಮನಾದರೆ ಚಿಂತೆಯಿಲ್ಲ. ಲಗ್ಗಿನ ಬುಡದ ಮೂಲೆಯಲ್ಲಿ ಸಣ್ಣ ಗುಳಿ ತೋಡಿದರೆ, ಮುಂದೊಂದು ದಿನ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಹಳೆಯ ತೋಟೆಗಳ ಕ್ಯಾಪಿನ ಮದ್ದು ಹೊತ್ತಿದ ಮೇಲೆ ಉಪ್ಪಿನಂಥ ಶೇಷ ಉಳಿಸುತ್ತಿತ್ತು. ಆ ಉಪ್ಪು ತೇವವನ್ನು ಎಳೆದುಕೊಳ್ಳುತ್ತದೆ, ಎಣ್ಣೆಗೆ ಕರಗುವುದಿಲ್ಲ. ಅದಕ್ಕೇ ಹಿಂದಿನ ಸಿಪಾಯಿಗಳು ಹೊಡೆದಾದ ಮೇಲೆ ನಳಿಗೆಗೆ ಕುದಿನೀರು ಹುಯ್ದು, ಒಣಗಿಸಿ, ಆಮೇಲೆ ಎಣ್ಣೆ ಹಾಕುತ್ತಿದ್ದರು. ಬೋರ್ಡೋ ದ್ರಾವಣ ಹೊಡೆದ ಪಂಪನ್ನು ತೊಳೆಯದೆ ಇಟ್ಟರೆ ಏನಾಗುತ್ತದೆಂದು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯದು ತಪ್ಪು ಎಣ್ಣೆ, ತಪ್ಪು ಜಾಗದಲ್ಲಿ ಎಣ್ಣೆ. ಮನೆಯಲ್ಲಿ ಸಿಗುತ್ತದೆಂದು ಕೊಬ್ಬರಿ ಎಣ್ಣೆ ಸವರುವವರಿದ್ದಾರೆ. ಧನುರ್ಮಾಸದ ಬೆಳಿಗ್ಗೆ ಅದು ಬಾಟಲಿಯಲ್ಲಿ ಹೆಪ್ಪುಗಟ್ಟುವುದನ್ನು ಕಾಣುತ್ತೇವೆ. ಬೋಲ್ಟಿನ ಹೊಟ್ಟೆಯೊಳಗೂ ಹಾಗೆಯೇ ಹೆಪ್ಪುಗಟ್ಟಿ, ಕ್ಯಾಪನ್ನು ಹೊಡೆಯುವ ಪಿನ್ನಿನ ಓಟವನ್ನು ತಡೆಯುತ್ತದೆ. ಲಗ್ಗುಗಳ ಬೆನ್ನಿಗೆ ತೆಳ್ಳಗೆ ಗ್ರೀಸು ಬೇಕು. ಒಣ ಕಬ್ಬಿಣ ಕಬ್ಬಿಣವನ್ನು ತಿನ್ನುತ್ತದೆ. ಆದರೆ ತೋಟೆ ಕೂರುವ ಮನೆಯಲ್ಲಿ ಎಣ್ಣೆ ಇರಲೇಬಾರದು. ಈಡು ಹಾರುವಾಗ ಹಿತ್ತಾಳೆ ಉಬ್ಬಿ ಗೋಡೆಯನ್ನು ಅಪ್ಪಿಕೊಂಡು ಒತ್ತಡದ ಒಂದು ಪಾಲನ್ನು ತಾನು ಹೊರುತ್ತದೆ. ಎಣ್ಣೆಯಿದ್ದರೆ, ಮಳೆನೀರಿದ್ದರೂ ಸರಿ, ಹಿಡಿತ ಜಾರಿ ಪೂರ್ತಿ ಭಾರ ಬೋಲ್ಟಿನ ಮೇಲೆ ಬೀಳುತ್ತದೆ. ಬೋಲ್ಟಿಗೆ ಗ್ರೀಸು, ತೋಟೆಮನೆಗೆ ಒಣಬಟ್ಟೆ. ಇಷ್ಟು ನೆನಪಿಟ್ಟರೆ ಸಾಕು.

ಮೂರನೆಯದು ಅರ. ಹಿಡಿ ಬಿಗಿಯಾಯಿತೆಂದು ಊರಿನ ಕುಲುಮೆಗೆ ಒಯ್ದು ಲಗ್ಗನ್ನು ಉಜ್ಜಿಸುವುದು, ಮುರಿದ ಹಿಡಿಗೆ ಬೆಸುಗೆ ಹಾಕಿಸುವುದು ನಮ್ಮಲ್ಲಿ ನಡೆದಿದೆ. ನಮ್ಮ ಆಚಾರಿಗಳ ಕೈಗುಣದ ಬಗ್ಗೆ ನನಗೆ ಅಪಾರ ಗೌರವವಿದೆ. ಕತ್ತಿಗೆ ಹದ ಹಾಕುವಾಗ ಬಣ್ಣ ನೋಡಿಯೇ ಕಾವನ್ನು ತಿಳಿಯುವವರು ಅವರು. ಆದರೆ ಕಾವು ಹೆಚ್ಚಾದ ಕತ್ತಿ ಮರಕ್ಕೆ ಹೊಡೆದಾಗ ಗಾಜಿನಂತೆ ಸಿಡಿಯುವುದನ್ನೂ ಕಂಡಿದ್ದೇವೆ. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯಲ್ಲಿ 1903ರ ಮಾದರಿಯ ರೈಫಲಿನ ಉಕ್ಕನ್ನು ಕಾಯಿಸುವಾಗ ಕಾವನ್ನು ಕಣ್ಣಿನಿಂದಲೇ ಅಳೆಯುತ್ತಿದ್ದರು. ಬಿಸಿಲಿನ ದಿನ ಒಂದು ಬಣ್ಣ, ಮೋಡದ ದಿನ ಇನ್ನೊಂದು. ಕೆಲವು ಉಕ್ಕು ಸುಟ್ಟುಹೋಗಿ ಪೆಡಸಾಯಿತು. 1917ರಲ್ಲಿ ರೈಫಲುಗಳು ಒಡೆದ ಮೇಲೆ ವಿಚಾರಣೆ ನಡೆದು, 1918ರಲ್ಲಿ ಕಾಯಿಸುವ ಕ್ರಮವನ್ನೇ ಬದಲಾಯಿಸಿದರು. ಅಲ್ಲಿ ತಯಾರಾದ, ಸಂಖ್ಯೆ 800,000ಕ್ಕಿಂತ ಕೆಳಗಿನ ಆ ಮಾದರಿಯ ರೈಫಲುಗಳನ್ನು ಹಾರಿಸಬೇಡಿ ಎಂದು ತಿಳಿದವರು ಇಂದಿಗೂ ಹೇಳುತ್ತಾರೆ. ದೊಡ್ಡ ಕಾರ್ಖಾನೆಗೇ ಹೀಗಾದರೆ ಊರಿನ ಕುಲುಮೆಯ ಪಾಡೇನು? ಬೋಲ್ಟಿನ ಲಗ್ಗಿಗೆ ಹೊರಮೈ ಗಟ್ಟಿ, ಒಳಗೆ ಮೆದು ಇರುವಂತೆ ಹದ ಮಾಡಿರುತ್ತಾರೆ. ಅರ ಉಜ್ಜಿದರೆ ಆ ಗಟ್ಟಿ ಪದರ ಹೋಗುತ್ತದೆ, ಬೆಸುಗೆಯ ಕಾವಿಗೆ ಹದವೇ ಹೋಗುತ್ತದೆ. ಇದಲ್ಲದೆ 1959ರ ಶಸ್ತ್ರಾಸ್ತ್ರ ಕಾನೂನಿನ ಪ್ರಕಾರ ದುರಸ್ತಿ ಕೆಲಸಕ್ಕೂ ಲೈಸನ್ಸ್ ಬೇಕು. ಪಾಪದ ಆಚಾರಿಯನ್ನು ಕೇಸಿಗೆ ಸಿಲುಕಿಸುವುದೂ ತರವಲ್ಲ.

ನಾಲ್ಕನೆಯದು ಬಿಚ್ಚಿ ಜೋಡಿಸುವ ಚಪಲ. ಮೊದಲನೆಯ ಮಹಾಯುದ್ಧದಲ್ಲಿ ಕೆನಡಾದ ರಾಸ್ ರೈಫಲಿನ ಬೋಲ್ಟನ್ನು ತಪ್ಪಾಗಿ ಜೋಡಿಸಿದರೂ ಒಳಗೆ ಸೇರಿಕೊಳ್ಳುತ್ತಿತ್ತು. ಹೊಡೆದಾಗ ಬೀಗ ಕಚ್ಚದೆ ಹಿಂದಕ್ಕೆ ಹಾರಿ ಮುಖಕ್ಕೆ ಬಡಿಯುತ್ತಿತ್ತು. ನಮ್ಮ ಲೀ ಬೋಲ್ಟಿನ ತಲೆ ಬೇರೆಯಾಗಿ ತಿರುಪಿನಲ್ಲಿ ಕೂರುತ್ತದೆ ಎಂದೆನಷ್ಟೆ. ಆ ತಲೆಯೂ ಅದೇ ರೈಫಲಿಗೆ ಹೊಂದಿಸಿದ್ದು. ಅದನ್ನು ಬಿಚ್ಚಿ ಇನ್ನೊಂದರ ತಲೆ ಹಾಕುವುದೆಂದರೆ ನನಗಾದದ್ದನ್ನು ನೀವೂ ಕರೆಸಿಕೊಂಡಂತೆ.

ಗುರುತುಗಳು

ಬೋಲ್ಟ್ ಹೇಳದೆ ಕೇಳದೆ ಮುರಿಯುವುದು ಅಪರೂಪ. ಅದು ಮೊದಲೇ ಸೂಚನೆ ಕೊಡುತ್ತದೆ, ನಾವು ನೋಡುವುದಿಲ್ಲ. ಖಾಲಿ ತೋಟೆಯನ್ನು ಎಸೆಯುವ ಮುಂಚೆ ಕೈಯಲ್ಲಿ ಹಿಡಿದು ನೋಡಿ. ಬುಡದಿಂದ ಸ್ವಲ್ಪ ಮೇಲೆ ಸುತ್ತಲೂ ಹೊಳೆಯುವ ಗೆರೆ ಇದ್ದರೆ ಹಿತ್ತಾಳೆ ಅಲ್ಲಿ ಹಿಗ್ಗಿ ತೆಳ್ಳಗಾಗಿದೆ ಎಂದು ಅರ್ಥ. ಕ್ಯಾಪು ಹೊರಗೆ ಎದ್ದಿದ್ದರೆ, ತೂತಾಗಿದ್ದರೆ, ಅದರ ಸುತ್ತ ಹೊಗೆಯ ಕರಿ ಇದ್ದರೆ ನಿಲ್ಲಿಸಿ. ಮೊದಲು ಸಲೀಸಾಗಿ ಏಳುತ್ತಿದ್ದ ಹಿಡಿಯನ್ನು ಈಗ ಅಂಗೈಯಿಂದ ಗುದ್ದಿ ಎಬ್ಬಿಸಬೇಕಾಗಿ ಬಂದರೆ ನಿಲ್ಲಿಸಿ. ಲಗ್ಗಿನ ಬೆನ್ನಿನಲ್ಲಿ ಒಂದು ಕಡೆ ಮಾತ್ರ ಉಜ್ಜಿದ ಹೊಳಪು ಕಂಡರೆ, ಬುಡದಲ್ಲಿ ಕೂದಲೆಳೆಯಂಥ ಗೆರೆ ಕಂಡರೆ ಮತ್ತೆ ಒಂದು ಈಡೂ ಹೊಡೆಯಬೇಡಿ. ಕೊಕ್ಕೆ, ಸ್ಪ್ರಿಂಗು, ಪಿನ್ನು ಇವು ಸವೆದರೆ ಬದಲಾಯಿಸಬಹುದು. ಲಗ್ಗಿನಲ್ಲಿ ಬಿರುಕು ಬಿಟ್ಟ ಬೋಲ್ಟಿಗೆ ಮದ್ದಿಲ್ಲ.

ಸಾದಾ ಒಂಟಿನಳಿಗೆ, ಜೋಡುನಳಿಗೆ ಕೋವಿ ಇರುವ ಸದಸ್ಯರು ಇದು ನಮಗಲ್ಲ ಎಂದು ಪುಟ ತಿರುವಬಾರದು. ಮಡಚುವ ಕೋವಿಯಲ್ಲಿಯೂ ನಳಿಗೆಯನ್ನು ಬಿಗಿಯುವ ಕಚ್ಚು ಇದೆ. ಮುಚ್ಚಿದ ಮೇಲೆ ನಳಿಗೆ ಅಲ್ಲಾಡುತ್ತಿದ್ದರೆ, ಸಂದಿನಲ್ಲಿ ಬೆಳಕು ಕಂಡರೆ, ಅದೇ ಕಥೆ.

ನನ್ನ ಸಲಹೆ

ಕೆಲವರು ಹೇಳಬಹುದು: ಅಜ್ಜ ಇದೇ ಕೋವಿಯಲ್ಲಿ ಜೀವಮಾನವೆಲ್ಲ ಹೊಡೆದರು, ಏನೂ ಆಗಲಿಲ್ಲ ಎಂದು. ನಿಜ. ಅಜ್ಜ ವಾರಕ್ಕೊಮ್ಮೆ ಅದನ್ನು ಮಡಿಲಲ್ಲಿಟ್ಟುಕೊಂಡು ಒರೆಸುತ್ತಿದ್ದರು. ನಾವು ವರ್ಷಕ್ಕೊಮ್ಮೆ ಹೂವು ಮುಡಿಸಿ ಮತ್ತೆ ಬೀರುವಿಗೆ ಸೇರಿಸುತ್ತೇವೆ. ಕೋವಿ ಅದೇ, ಕೈ ಬೇರೆ. ಪೂಜೆ ಬೇಡವೆಂದು ನಾನು ಹೇಳುವವನಲ್ಲ. ಪೂಜೆಯ ದಿನ ಕೋವಿ ಶುಚಿ ಮಾಡಬೇಕೆಂದು ಹಿರಿಯರು ಇಟ್ಟ ಕ್ರಮದ ಹಿಂದಿನ ಅರ್ಥವನ್ನು ನಾವು ಬಿಟ್ಟು, ಹೂವನ್ನು ಮಾತ್ರ ಉಳಿಸಿಕೊಂಡಿದ್ದೇವೆ ಎನ್ನುತ್ತೇನೆ.

ಆದ್ದರಿಂದ ಆಡಳಿತ ಮಂಡಳಿಯ ಮುಂದೆ ಒಂದು ವಿನಂತಿ ಇಡುತ್ತೇನೆ. ಮಳೆಗಾಲಕ್ಕೆ ಮುಂಚೆ ಪಂಪು ರಿಪೇರಿಯವರನ್ನು ಕರೆಸುವಂತೆಯೇ, ಪ್ರತಿ ವರ್ಷ ಆಗಸ್ಟ್ ಕೊನೆಯಲ್ಲಿ, ಸೆಪ್ಟೆಂಬರ್ 3ರ ಕೈಲ್ ಪೊಳ್ದ್‌ಗೆ ಮೊದಲು, ಲೈಸನ್ಸ್ ಇರುವ ಕೋವಿ ದುರಸ್ತಿಗಾರರೊಬ್ಬರನ್ನು ಒಂದು ದಿನ ಸಂಘದ ಗೋದಾಮಿಗೆ ಕರೆಸಬೇಕು. ಪೊಲೀಸ್ ಠಾಣೆಗೆ ಮುಂಚಿತವಾಗಿ ತಿಳಿಸಿ, ಅಧಿಕಾರಿಗಳ ಒಪ್ಪಿಗೆ ಪಡೆದೇ ನಡೆಸಬೇಕು. ಸದಸ್ಯರು ಖಾಲಿ ಕೋವಿಯನ್ನೂ ತಮ್ಮ ಕಾಗದಪತ್ರವನ್ನೂ ತರಬೇಕು, ತೋಟೆಗಳನ್ನು ಮನೆಯಲ್ಲಿಯೇ ಬಿಟ್ಟು ಬರಬೇಕು. ಗೇಜು ಹಾಕಿ ಹೆಡ್‌ಸ್ಪೇಸ್ ನೋಡುವುದು, ಲಗ್ಗುಗಳನ್ನು ಪರೀಕ್ಷಿಸುವುದು, ಬೋಲ್ಟಿನ ಸಂಖ್ಯೆ ರೈಫಲಿನ ಸಂಖ್ಯೆಗೆ ಸರಿಹೊಂದುತ್ತದೆಯೇ ನೋಡುವುದು. ಒಂದು ಕೋವಿಗೆ ಹೆಚ್ಚು ಹೊತ್ತು ಬೇಕಾಗದು. ಖರ್ಚನ್ನು ಸದಸ್ಯರೇ ಹಂಚಿಕೊಂಡರೆ ಸಂಘಕ್ಕೆ ಹೊರೆಯಾಗುವುದಿಲ್ಲ.

ಅಲ್ಲಿಯವರೆಗೆ ಪ್ರತಿಯೊಬ್ಬರೂ ಇಂದು ಸಂಜೆಯೇ ಮಾಡಬಹುದಾದ ಒಂದು ಕೆಲಸವಿದೆ. ಕೋವಿ ಖಾಲಿಯಿದೆ ಎಂದು ಎರಡೆರಡು ಸಲ ಖಚಿತ ಮಾಡಿಕೊಂಡು, ಬೋಲ್ಟನ್ನು ಹೊರತೆಗೆದು, ಹಿಡಿಯ ಬುಡದ ಸಂಖ್ಯೆಯನ್ನು ಓದಿ. ಅದು ರೈಫಲಿನ ಸಂಖ್ಯೆಯೇ ಆಗಿದ್ದರೆ ಒರೆಸಿ, ತೆಳ್ಳಗೆ ಗ್ರೀಸು ಸವರಿ ಇಡಿ. ಬೇರೆಯಾಗಿದ್ದರೆ ನಿಮ್ಮ ಬೋಲ್ಟ್ ಯಾವ ನೆಂಟರ ಮನೆಯಲ್ಲಿದೆ ಎಂದು ಮೊದಲು ವಿಚಾರಿಸಿ. ಅದು ಸಿಕ್ಕಿ, ಪರೀಕ್ಷೆಯಾಗುವ ತನಕ ಆ ಕೋವಿಯಲ್ಲಿ ಒಂದು ಈಡನ್ನೂ ಹೊಡೆಯಬೇಡಿ.